ನಿದ್ದೆಯಲ್ಲಿ ಎದ್ದ ಮುಳ್ಳುಗಳು

ನಾನು ತಲೆಯೊಳಗಿನ ಅಲೆಗಳನ್ನು ಬರೆಯುವ ಯಂತ್ರ. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯೊಂದರಲ್ಲಿ. ಮೈ ಕಬ್ಬಿಣ, ಬೆರಳುಗಳು ಉಕ್ಕಿನ ಎಂಟು ಲೇಖನಿ. ತಲೆಗೆ ಅಂಟಿಸಿದ ತಂತಿಗಳು ತಂದುಕೊಟ್ಟದ್ದನ್ನು ಓಡುವ ಕಾಗದದ ಮೇಲೆ ಶಾಯಿಯಲ್ಲಿ ಗೀಚುವುದಷ್ಟೇ ನನ್ನ ಕಸುಬು. ಯಾರನ್ನೂ ಚುಚ್ಚಿದವನಲ್ಲ, ಸುಟ್ಟವನಲ್ಲ. ಯಾರ ತಲೆಗೂ ಒಂದು ಹನಿ ಕರೆಂಟು ಕೊಟ್ಟವನಲ್ಲ. ಆದರೆ ತಂತಿ ಕಂಡರೆ ಜನ ಹೆದರುತ್ತಾರೆ, ಹೆದರಿದವರು ಹೊಡೆಯುತ್ತಾರೆ.

ಮೊದಲು ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿದ್ದೆ. ಅಲ್ಲಿಗೆ ಕಂಪ್ಯೂಟರು ಬಂದ ದಿನವೇ ನನ್ನನ್ನು ಲಾರಿಗೆ ಎಸೆದರು. ಮೂಡಲ ಸೀಮೆಯ ಸರ್ಕಾರಿ ಆಸ್ಪತ್ರೆಯೊಂದರ ಮೂಲೆಯ ಕೋಣೆಗೆ ಬಂದು ಬಿದ್ದೆ. ಅಲ್ಲಿ ನನ್ನ ಯಜಮಾನಿ ಜೈಬುನ್ನಿಸಾ. ತಂತಿ ಅಂಟಿಸಲು ಅವಳು ಮಕ್ಕಳ ಕೂದಲು ಸರಿಸಿದರೆ ಸಾಕು, ಕೆರದ ಏಟು, ಮೆಣಸಿನ ಹೊಗೆಗೆ ಬೆಂದ ಕಣ್ಣು, ಬರೆಯ ಗುಳ್ಳೆ ಎಲ್ಲ ಕಾಣುತ್ತಿದ್ದವು. ಮೂರ್ಛೆ ಬಂದವರಿಗೆ ರೋಗಕ್ಕಿಂತ ಮದ್ದೇ ಹೆಚ್ಚು ಹೊಡೆದಿರುತ್ತಿತ್ತು.

ಒಂದು ದಿನ ಮೌನಪ್ಪ ಬಂದ. ಹೆಸರು ಮೌನ, ಕೈ ಮಾತ್ರ ಸುಮ್ಮನಿರದ ಕೈ. ಕಮ್ಮಾರ. ಕುಲುಮೆಯಲ್ಲಿ ಕಾಯಿಸಿದ ಸಲಾಕೆಯಿಂದ ಮೂರ್ಛೆಯ ಮಕ್ಕಳಿಗೆ ಬರೆ ಹಾಕುವುದರಲ್ಲಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ಅವನದೇ ಹೆಸರು. ಈಗ ಮೂರ್ಛೆ ಅವನ ಮಗಳು ಕಾಳವ್ವನಿಗೇ ಬಂದಿತ್ತು. ಕಣ್ಣು ಹತ್ತಿದರೆ ಸಾಕು, ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಜೊಲ್ಲು ಸುರಿದು, ತೋಳು ಅದುರುತ್ತಿತ್ತು. ಪ್ರತಿ ಸಲವೂ ಅವನು ಸುಟ್ಟ. ಹಣೆ, ಹೊಟ್ಟೆ, ಹಿಮ್ಮಡಿ. ಹೆಂಡತಿ ಬಾವಿಗೆ ಬೀಳುತ್ತೇನೆಂದು ಹಟ ಹಿಡಿದ ಮೇಲೆ ಇಲ್ಲಿಗೆ ಕರೆತಂದಿದ್ದ.

"ನಿದ್ದೆಯೊಳಗಽ ನೋಡಬೇಕು. ರಾತ್ರಿ ಎಚ್ಚರ ಇಟ್ಟು ಕರಕೊಂಡ್ ಬಾ, ಇಲ್ಲಿ ಮಲಗ್ತಾಳ" ಎಂದಿದ್ದರು ಡಾಕ್ಟರು. ಅವನು ಹೊಡೆದು ಹೊಡೆದು ಎಚ್ಚರ ಇಟ್ಟಿದ್ದ. ಹುಡುಗಿಯ ಕೆನ್ನೆಯ ಮೇಲೆ ಬೆರಳುಗಳು ಮೂಡಿದ್ದವು.

"ಈ ಡಬ್ಬಿಯೊಳಗ ಇವತ್ತ ಏನೂ ಕಾಣಲಿಲ್ಲಂದ್ರ, ನಾಳೆ ಅಮಾಸಿ. ನೆತ್ತಿಗೇ ಬರಿ ಹಾಕ್ತೀನಿ" ಎಂದ.

ಜೈಬುನ್ನಿಸಾ ತಂತಿ ಅಂಟಿಸಿದಳು. ಹುಡುಗಿ ಮಲಗಲಿಲ್ಲ. ರೆಪ್ಪೆ ಜಾರಿದಾಗಲೆಲ್ಲ ತನ್ನ ತೊಡೆಯನ್ನು ತಾನೇ ಚಿವುಟಿಕೊಂಡಳು. ನನ್ನ ಲೇಖನಿಗಳು ಸಪ್ಪೆ ಗೆರೆ ಎಳೆಯುತ್ತಲೇ ಇದ್ದವು.

"ಮಲ್ಕೋ ನನ್ನವ್ವ."

"ಮಲ್ಕೊಂಡ್ರ ಅಪ್ಪ ಸುಡ್ತಾನ."

ಜೈಬುನ್ನಿಸಾ ಮೌನಪ್ಪನ ಎದೆಗೆ ಕೈಯಿಟ್ಟು ದಬ್ಬಿ ಹೊರಗೆ ಹಾಕಿದಳು. ಚಿಲಕ ಜಡಿದಳು. "ಈಗ ಮಲ್ಕೋ. ಬಾಗಿಲಾ ನಾ ಕಾಯ್ತೀನಿ."

ಹುಡುಗಿ ಕಲ್ಲು ನೀರಿಗೆ ಬಿದ್ದಂತೆ ನಿದ್ದೆಗೆ ಬಿದ್ದಳು. ಆಗ ಎದ್ದವು ನೋಡಿ ಕಾಗದದ ಮೇಲೆ ಮುಳ್ಳುಗಳು! ಕಿವಿಯ ಮೇಲಿನ ತಂತಿಗಳಿಂದ, ಒಂದರ ಹಿಂದೆ ಒಂದು, ಚೂಪಾಗಿ, ಕಮ್ಮಾರನ ಅಡಿಗಲ್ಲಿನ ಮೇಲೆ ಸುತ್ತಿಗೆ ಬಿದ್ದಂತೆ. ಅವಳ ಬಾಯಿ ಸೊಟ್ಟಗಾಯಿತು. ನನ್ನ ಲೇಖನಿಗಳು ಹುಚ್ಚೆದ್ದು ಕಟಕಟ ಬಡಿದುಕೊಂಡವು.

ಆ ಸದ್ದಿಗೆ ಬಾಗಿಲು ಮೌನಪ್ಪನ ಒದೆ ತಿಂದು ಕಿತ್ತು ಬಂತು.

"ಕರೆಂಟ್ ಕೊಟ್ಟು ಕೊಲ್ಲಾಕತ್ತೀರೇನ್ರಲೇ!"

ಅಡ್ಡ ಬಂದ ಜೈಬುನ್ನಿಸಾಳನ್ನು ಬೀಸಿ ಒಗೆದ. ಕಬ್ಬಿಣದ ಸ್ಟೂಲಿಗೆ ಬಡಿದು ಅವಳ ಹುಬ್ಬು ಒಡೆಯಿತು. ಅವನ ಮುಷ್ಟಿ ನನ್ನ ಮೇಲೆ ಬಿತ್ತು. ಒಂದು ಲೇಖನಿ ಕೊಕ್ಕೆಯಂತೆ ಬಾಗಿತು, ಶಾಯಿ ಚಿಮ್ಮಿತು. ಶಾಯಿ, ನೆತ್ತರು ಎರಡೂ ಕಾಗದದ ಮೇಲೆ. ಕೊನೆಗೆ ನನ್ನ ವೈರನ್ನು ಗೋಡೆಯಿಂದ ಕಿತ್ತ. ನಾನು ಸತ್ತಂತೆ ನಿಂತೆ.

ಹುಡುಗಿ ಮಾತ್ರ ಅದುರುತ್ತಲೇ ಇದ್ದಳು.

ಕಿತ್ತ ವೈರನ್ನು ಹಿಡಿದುಕೊಂಡೇ ಅವನು ಮಗಳನ್ನು ನೋಡಿದ. ಕೈಯಲ್ಲಿ ಸಲಾಕೆ ಇರಲಿಲ್ಲ, ಹತ್ತಿರದಲ್ಲೆಲ್ಲೂ ಬೆಂಕಿ ಇರಲಿಲ್ಲ. ನೋಡನೋಡುತ್ತಲೇ ಅದುರು ಇಳಿಯಿತು. ಬಾಯಿ ನೆಟ್ಟಗಾಯಿತು. ಹುಡುಗಿ ಉಸಿರೆಳೆದು ಮಗ್ಗುಲು ತಿರುಗಿದಳು.

ಜೈಬುನ್ನಿಸಾ ಕಣ್ಣಿಗಿಳಿದ ನೆತ್ತರು ಒರೆಸಿಕೊಂಡು ಹೇಳಿದಳು: "ನೋಡಿದೇನು? ಯಾರೂ ಸುಡಲಿಲ್ಲ. ತಾನಽ ನಿಂತಿತು."

ಡಾಕ್ಟರು ನನ್ನ ಹರಿದ ಕಾಗದ ನೋಡಿ ಹೇಳಿದ್ದೂ ಅಷ್ಟೇ: "ಇವು ಮಕ್ಕಳ ಮೂರ್ಛೆ. ಹರೇಕ್ಕ ಬರೋದ್ರಾಗ ತಾನಽ ಹೋಗ್ತಾವ. ಬೆಂಕಿ ಮುಟ್ಟಿಸಬ್ಯಾಡ."

"ಹಂಗಾರ ನಾ ಸುಟ್ಟಿದ್ದು?" ಎಂದ ಮೌನಪ್ಪ. ಅವನು ಹಣೆಯನ್ನು ಗೋಡೆಗೆ ಸುಣ್ಣ ಉದುರುವ ಹಾಗೆ ಬಡಿದುಕೊಂಡ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಬಾಗಿದ ಲೇಖನಿಯ ದೆಸೆಯಿಂದ ನನ್ನನ್ನು ಹಿತ್ತಿಲಿನ ಗುಜರಿಗೆ ಹಾಕಿದರು. ವರ್ಷಗಳು ಕಳೆದವು. ಒಂದು ಮಧ್ಯಾಹ್ನ ಎತ್ತರದ ಹುಡುಗಿಯೊಬ್ಬಳು ಜೈಬುನ್ನಿಸಾಳ ಹಿಂದೆ ಅಲ್ಲಿಗೆ ಬಂದಳು. ಹಣೆಯ ಬರೆಯಿಂದ ಗುರುತು ಹಿಡಿದೆ: ಕಾಳವ್ವ. ಬಲಗೈಗೆ ಬಟ್ಟೆ ಸುತ್ತಿತ್ತು. ಎಡಗೈಯಲ್ಲಿ ಸಲಾಕೆ.

"ಮೂರ್ಛಿ ನಿಂತು ಭಾಳ ದಿನ ಆತ್ರಿ, ಅಕ್ಕಾರ. ತಾನಽ ನಿಂತಿತು. ಆದ್ರ ಊರವ್ರು, 'ಮೌನಪ್ಪ ಬರಿ ಹಾಕಿದ್ದಕ್ಕಽ ಮಗಳು ನೆಟ್ಟಗಾದ್ಲು' ಅಂದ್ರು. ಕೂಸುಗಳನ್ನ ಹೊತ್ಕೊಂಡು ಬಂದ್ರು. ಬಾಯ್ತುಂಬ ಹೊಗಳಿದ್ರು. ಅಪ್ಪ ಮತ್ತ ಕುಲುಮಿ ಊದಿದ."

"ಕೈಗೆ ಏನಾತು?"

"ಒಂದು ಕೂಸಿನ ಹೊಟ್ಟಿಗೆ ಇಳಸಾಕತ್ತಿದ್ದ. ನಾ ನಡುವ ಹೋಗಿ ಕಾದ ಸಲಾಕಿ ಹಿಡಕೊಂಡೆ."

ಜೈಬುನ್ನಿಸಾ ಅವಳ ಕೈಯ ಬಟ್ಟೆ ಬಿಚ್ಚಿ ನೋಡಿದಳು. "ನಿಮ್ಮಪ್ಪ ಕಮ್ಮಾರ. ಇನ್ನೊಂದು ಸಲಾಕಿ ಮಾಡ್ತಾನಲ್ಲವ್ವ?"

"ಮಾಡಲಿ. ನಂಗ ಇನ್ನೊಂದು ಕೈ ಐತಿ."

ಸಲಾಕೆಯನ್ನು ನನ್ನ ಪಕ್ಕಕ್ಕೆ ಎಸೆದು ಹೋದಳು. ಈಗ ಮಳೆಗೆ ನಮ್ಮಿಬ್ಬರಿಗೂ ಒಂದೇ ತುಕ್ಕು. ಅದೂ ಕಬ್ಬಿಣ, ನಾನೂ ಕಬ್ಬಿಣ. ಹಿಡಿದ ಕೈ ಬೇರೆಯಾಗಿತ್ತು, ಅಷ್ಟೇ. ನಾನು ಬರೆದ ಮುಳ್ಳುಗಳನ್ನು ಆ ಊರಿನವರು ಯಾರೂ ಓದಲಿಲ್ಲ. ಹಿತ್ತಿಲ ಗೇಟು ಕಿರುಗುಟ್ಟಿದಾಗಲೆಲ್ಲ ಕಾಳವ್ವ ಬಂದಳೇ ಎಂದು ನೋಡುತ್ತೇನೆ.

ಇದುವರೆಗೆ ಎರಡನೆಯ ಸಲಾಕೆ ಬಂದಿಲ್ಲ.