ಅಂಗಳಕ್ಕೆ ಬಂದ ಮೀನು

ಕಾಲುಗಳು, ಬರೀ ಕಾಲುಗಳು, ಬಿದಿರಿನ ಮೀನಿನ ವೇಷದೊಳಗೆ ಹೊಕ್ಕ ದಾಸನಿಗೆ ಅದರ ಬಾಯಿಯಿಂದ ಕಾಣುವುದು ಅಷ್ಟೇ — ಚಪ್ಪಲಿ ಕಾಲು, ಬೂಟು ಕಾಲು, ಕೋಲಾಟದವರ ಗೆಜ್ಜೆ ಕಾಲು, ನಡೆಯುತ್ತಲೇ ನೋಡುವ ಆಟವಂತೆ ಇದು, ಕೂತು ನೋಡುವ ಪುಣ್ಯ ಯಾರಿಗೂ ಇಲ್ಲ, ಹಿಂದೆ ಗುಮಟೆಯ ಬಡಿತ, ಮುಂದೆ ಹಾಡು, ಒಣಗಲು ಹಾಕಿದ ಬಲೆಯ ಮೇಲೆ ಬೆಳಕಿನ ಚಿತ್ರ, ಮೊನ್ನೆ ಭಟ್ಕಳದಲ್ಲಿ ಆಯಿತು, ನಾಳೆ ಕುಮಟೆಗೆ, ಇವತ್ತು ಇಲ್ಲಿ, ತನ್ನದೇ ಕಾಸರಕೋಡಿನಲ್ಲಿ, ಮೀನನ್ನು ಹೆಗಲಿಗೆ ಹಗ್ಗದಿಂದ ಬಿಗಿದಿದ್ದಾರೆ, ಎರಡೂ ಕೈಯಲ್ಲಿ ದವಡೆ ಎತ್ತುವ ಕೋಲು, ಮೂಗು ತುರಿಸಿದರೂ ದೇವರೇ ಗತಿ, ಬಾಲದಲ್ಲಿರುವ ಜಟ್ಟಿ ದೂಡುತ್ತಾನೆ, ಜನ್ಮವಿಡೀ ಮೀನು ಹಿಡಿದವ್ನ ಕಡೆಗೂ ಮೀನೇ ನುಂಗ್ತು ನೋಡು ಎಂದು ನಗುತ್ತಾನೆ, ನಗಲಿ — ಎಡಕ್ಕೆ ತಿರುಗಿ ದಾಸಣ್ಣ, ಇದು ಆಟ ಕಟ್ಟಿದ ದೀಪಿಕಾ ಮೇಡಂ ದನಿ, ನೇರ ದಾರಿಗೆ ಯಾರೋ ದೋಣಿ ಅಡ್ಡ ಎಳೆದಿದ್ದಾರೆ, ಆ ಅಂಗಳ ದಾಟಿ ಹೋಗೋಣ — ಎಡಕ್ಕೆ ಬ್ಯಾಡ ಮೇಡಂ, ಅದು ರಾಜೀವಣ್ಣನ ಅಂಗಳ, ಆದರೆ ಗುಮಟೆಯ ಸದ್ದಿನಲ್ಲಿ ಮೀನಿನ ಮಾತು ಯಾರಿಗೆ ಕೇಳಬೇಕು.

ಒಡಹುಟ್ಟಿದ ಅಣ್ಣ, ಅಪ್ಪನ ದೋಣಿಯನ್ನು ಒಂದು ಮಾತೂ ಕೇಳದೆ ಒಡೆದು ಒಲೆಗೆ ಹಾಕಿದವನು, ಅವತ್ತು ಅದೇ ಅಂಗಳದಲ್ಲಿ ದಾಸ ಹೆತ್ತ ಅವ್ವಿಯ ನೆತ್ತಿಯ ಮೇಲೆ ಕೈಯಿಟ್ಟು ಕೂಗಿದ್ದ, ನಾ ಇನ್ನು ಇಲ್ಲಿ ಕಾಲಿಟ್ರೆ ಅವ್ವಿ ಮೇಲಾಣೆ, ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ, ಆಣೆ ಮುರಿದರೆ ಅವ್ವಿ ಉಳಿಯುವುದಿಲ್ಲ, ಹಾಗೆಂದು ನಂಬಿದ ಊರು, ಅವನೂ ನಂಬಿದವನೇ, ಅಣ್ಣನ ಮನೆಯಲ್ಲೇ ಉಳಿದ ಅವಳು ಮೊದಮೊದಲು ಮೀನುಪೇಟೆಗಾದರೂ ಬರುತ್ತಿದ್ದಳು, ಮಂಡಿ ಹಿಡಿದ ಮೇಲೆ ಅದೂ ಇಲ್ಲ, ಕೂಗಿದರೆ ಕೇಳುವಷ್ಟು ಹತ್ತಿರದ ಮನೆ, ಮುಖ ನೋಡದೆ ಎಷ್ಟು ಮಳೆಗಾಲ ಹೋಯಿತು, ಎಷ್ಟು ಆಸೆ ಒಮ್ಮೆ ನೋಡಲು, ಬೇಡ, ಬದುಕಿರಲಿ ಅವಳು, ಹಿಂದೆ ಸರಿ, ದೂಡ್ಬ್ಯಾಡ ಜಟ್ಟಿ, ಎಂತಾತೋ ನಿಂಗೆ, ಹಿಂದೆ ಜನ ನಿಂತವ್ರೆ, ನಡಿ ಎನ್ನುತ್ತಾನೆ ಅವನು — ಮರಳು ಮುಗಿಯಿತು, ಸೆಗಣಿ ಸಾರಿಸಿದ ನೆಲ ಬರಿಗಾಲಿಗೆ ತಣ್ಣಗೆ ತಾಗಿತು, ಆಯಿತು, ಕೊಂದೆ, ಅವ್ವಿಯನ್ನು ಕೈಯಾರೆ ಕೊಂದೆ, ಬಾಯಿಯೆದುರು ಊದಿದ ಎರಡು ಕಾಲು, ಒಂದು ಊರುಗೋಲು, ಪಾದ ಕಂಡ್ರೆ ಗೊತ್ತಾಗುದಿಲ್ವೇನಾ ನಂಗೆ, ಅವ್ವಿ, ಅವ್ವಿಯದೇ ದನಿ, ಕಾಲಿಟ್ಟಾತಲ್ಲ, ನಾ ಸತ್ನಾ, ಅಂಗಳಕ್ಕೆ ಬಂದವ್ರಿಗೆ ಬೆಲ್ಲ ನೀರು ಕೊಡ್ದೆ ಕಳಸುದುಂಟಾ, ಬಾಯಿ ತೆಗಿ ತಮಾ — ಕೈ, ಮೀನಿನ ಬಾಯೊಳಗೆ ಅವ್ವಿಯ ಕೈ, ಬೆರಳ ತುದಿಯಲ್ಲಿ ಒಂದು ಚೂರು ಬೆಲ್ಲ, ಹೊರಗೆ ಚಪ್ಪಾಳೆ, ಇದನ್ನೂ ಆಟವೆಂದೇ ತಿಳಿದರು ಪುಣ್ಯಾತ್ಮರು, ನಿಲ್ಲಬೇಡಿ ದಾಸಣ್ಣ, ಮುಂದೆ, ಮುಂದೆ, ಕುತ್ತಿಗೆ ಚಾಚಿದರೆ ಹಗ್ಗ ಬಿಡುವುದಿಲ್ಲ, ತುಟಿಗೂ ಬೆಲ್ಲಕ್ಕೂ ನಡುವೆ ಒಂದು ಗೇಣು, ಕೋಲು ಬಿಟ್ಟರೆ ದವಡೆ ಅವಳ ಮಣಿಕಟ್ಟಿನ ಮೇಲೇ ಬೀಳುತ್ತದೆ, ಹಿಡಿದರೆ ಮುಟ್ಟಲಾಗದು, ಅವ್ವೀ ನಾನು, ಜಟ್ಟಿ ದೂಡುತ್ತಿದ್ದಾನೆ, ಕೈ, ಇನ್ನೂ ಒಳಗೆ ತಡಕುವ ಕೈ, ಬೆಲ್ಲ ಹಿಡಿದ ಕೈ, ಕೈ —