ಯಾರೂ ಮಲಗದ ಹಾಸಿಗೆ

"ಲೇ ಮುಂಡೇವಾ, ಬಾಯಿ ಮುಚ್ಕೊಂಡು ಕೈ ಆಡಿಸ್ರೇ! ಓದೋ ಮಕ್ಕಳು ಮಲಗೋ ಹಾಸಿಗೆ ಬಟ್ಟೆ ಇದು, ನಿಮ್ಮಪ್ಪನ ಗೋಣಿಚೀಲ ಅಲ್ಲ!"

ಗಂಜಿ ಮೇಸ್ತ್ರಿ ಎಂದಿನಂತೆ ಕಿರುಚಿದ. ಆ ಹೆಸರು ನಾವೇ ಇಟ್ಟದ್ದು. ಗಂಜಿ ಹಾಕಿದ ಬಟ್ಟೆಯ ಹಾಗೆ ನಮ್ಮೆದುರು ಸೆಟೆದು ನಿಲ್ಲುತ್ತಾನೆ, ಗುಡ್ಡದ ಮೇಲಿಂದ ಯಾರಾದರೂ ಇಳಿದು ಬಂದರೆ ಒದ್ದೆಯಾಗಿ ಮುದುಡುತ್ತಾನೆ. ಗುಡ್ಡದ ಮೇಲೆ ವಿಶ್ವವಿದ್ಯಾಲಯ. ಅದರ ಬುಡದಲ್ಲಿ ನಮ್ಮ ಒಗೆಯುವ ಶೆಡ್ಡು. ಮೇಲಿನಿಂದ ಕೊಳೆ ಇಳಿಯುತ್ತದೆ, ಕೆಳಗಿನಿಂದ ಬಿಳುಪು ಏರುತ್ತದೆ. ನಾನು ಇಸ್ತ್ರಿ ಮೇಜಿನವಳು.

ಮೇಸ್ತ್ರಿ ನಮ್ಮ ಹುಡುಗಿ ಸೂಜಿಯ ಕಡೆ ತಿರುಗಿದ. "ಏನಮ್ಮಾ ಪಂಡಿತೆ, ಬಂತಾ ಮೇಲಿಂದ ಕರೆ?"

"ಇನ್ನೂ ಇಲ್ಲ ಮೇಸ್ತ್ರಿ."

"ಬರಲ್ಲ ಕಣೇ. ಚರಂಡಿ ನೀರು ಗುಡ್ಡ ಹತ್ತಿದ್ದುಂಟಾ?"

"ಪಂಪ್ ಹಾಕಿದ್ರೆ ಹತ್ತತ್ತೆ ಮೇಸ್ತ್ರಿ," ಅಂದಳು ಸೂಜಿ, ಬಾಯಲ್ಲಿದ್ದ ದಾರವನ್ನು ಕಡಿದು.

ನಾವೆಲ್ಲ ಬಕೆಟ್ಟಿನೊಳಗೆ ಮುಖವಿಟ್ಟು ನಕ್ಕೆವು. ಸೂಜಿ ನಮ್ಮ ಭಟ್ಟಿಯಕ್ಕನ ಮಗಳು. ಅಕ್ಕ ದಿನವಿಡೀ ಹಬೆಯ ಭಟ್ಟಿಯ ಮುಂದೆ ಬೇಯುತ್ತಾಳೆ. ಮಗಳು ಹಾಸುಬಟ್ಟೆಗಳ ಮೂಲೆಯಲ್ಲಿ ಕೆಂಪು ದಾರದಿಂದ ನಂಬರು ಹೊಲಿಯುತ್ತಾಳೆ. ಹೊಲಿಯುತ್ತಲೇ ಓದಿ ಪಾಸಾದವಳು. ಗಣಿತ ಓದಬೇಕೆಂದು ಮೇಲೆ ಅರ್ಜಿ ಹಾಕಿದ್ದಳು. ಎಲ್ಲರಿಗೂ ಹೌದೋ ಅಲ್ಲವೋ ಬಂತು. ಇವಳ ಫೋನಿಗೆ ಬಂದದ್ದು ಒಂದೇ ಸಾಲು: ನಿಮ್ಮ ಪ್ರವೇಶದ ನಿರ್ಧಾರವನ್ನು ಮುಂದೂಡಲಾಗಿದೆ, ಕಾಯಿರಿ. ಆಮೇಲೆ ಉಸಿರಿಲ್ಲ. ಪಾಠ ಶುರುವಾಗುವುದು ಸೋಮವಾರ. ಅಷ್ಟರಲ್ಲಿ ಹೂಂ ಅನ್ನದಿದ್ದರೆ ವರ್ಷವೇ ಹೋಯಿತು. ಪ್ರವೇಶದ ಸಾಹೇಬನ ಕಿಟಕಿಗೆ ಹೋಗಿ ಕೇಳಿದ್ದಕ್ಕೆ ಅವನು, "ಆಗಲ್ಲ ಅಂದಿದೀವಾ? ಆಗತ್ತೆ ಅಂದಿದೀವಾ? ಮತ್ಯಾಕೆ ತಲೆ ತಿಂತೀಯಾ?" ಎಂದು ಪರದೆ ಎಳೆದಿದ್ದ.

ದೇವರೂ ಕಾಯಿಸುತ್ತಾನೆ. ಆದರೆ ಅವನ ಮೌನಕ್ಕೆ ಒಂದು ಮುಖವಿರುತ್ತದೆ, ಕೂತು ನೋಡಬಹುದು. ಇವರ ಮೌನಕ್ಕೆ ಬರೀ ಬೆನ್ನು.

ಆ ಶುಕ್ರವಾರ ಮೇಸ್ತ್ರಿ ಒಂದು ಹೊಚ್ಚ ಹೊಸ ಹಾಸುಬಟ್ಟೆ, ಒಂದು ದಿಂಬಿನ ಚೀಲ ತಂದು ಸೂಜಿಯ ಮಡಿಲಿಗೆ ಎಸೆದ. "ಹುಡುಗೀರ ಹಾಸ್ಟೆಲ್ಲು, ಹೊಸ ನಂಬರು. ಒಗೆದು, ಹೊಲಿದು ನಾಳೆ ಬೆಳಿಗ್ಗೆ ಮೇಲಿರಬೇಕು."

ಅವನು ಅತ್ತ ಹೋದದ್ದೇ ಯಂತ್ರಗಳೆಲ್ಲ ನಿಂತ ಹಾಗಾಯಿತು. ನಮ್ಮ ಕಸುಬಿನಲ್ಲಿ ಒಂದು ಹಾಸಿಗೆಗೆ ಒಂದು ನಂಬರು. ಹಾಸಿಗೆಗೆ ಮಗು ಬಾರದೆ ನಂಬರು ಬಂದದ್ದನ್ನು ನಾವು ಕಂಡದ್ದೇ ಇಲ್ಲ. ಸೇರುವವರೆಲ್ಲ ಸೇರಿಯಾಗಿತ್ತು. ಕಾಯುತ್ತಿದ್ದವಳು ಇವಳೊಬ್ಬಳೇ. ಹಾಗೆಂದು ನಮ್ಮ ಲೆಕ್ಕ.

"ಅಯ್ಯೋ ನನ್ನವ್ವಾ, ಇದು ನಿಂದೇ ಕಣೇ!" ನೀಲಿಯಜ್ಜಿ ಕೂಗಿದಳು. ಬಟ್ಟೆಯನ್ನು ನೀಲಿಗೆ ಅದ್ದಿ ಅದ್ದಿ ಮೊಣಕೈವರೆಗೂ ನೀಲಿಯಾದವಳು. "ಸುದ್ದಿಗಿಂತ ಮುಂಚೆ ಹಾಸಿಗೆ ಬಂತು! ಮದುವೆಗಿಂತ ಮುಂಚೆ ತೊಟ್ಟಿಲು ಬಂದಂಗಾಯ್ತು!"

"ಥೂ, ಬಿಡ್ತು ಅನ್ನಜ್ಜೀ!" ಎಂದಳು ಭಟ್ಟಿಯಕ್ಕ. ಬೈಯುತ್ತಲೇ ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು.

ಆಮೇಲೆ ನಮಗೆ ಮೈಮೇಲೆ ಬಂದವರ ಹಾಗಾಯಿತು. ಯಾರೋ ಬಕೆಟ್ಟು ಬಡಿದರು. ಯಾರೋ ನೊರೆಯನ್ನು ಹಿಡಿಹಿಡಿಯಾಗಿ ಎರಚಿದರು. ಅಜ್ಜಿ ಹಾಸುಬಟ್ಟೆಯನ್ನು ನೀಲಿಗೆ ಅದ್ದಿ, "ಆಕಾಶದಲ್ಲೇ ಜಾಲಿಸಿದೀನಿ, ನೋಡ್ಕೊಳ್ರೇ" ಅಂದಳು. ಒಣಗಿದ ಮೇಲೆ ನಾನು ಇಸ್ತ್ರಿ ಮಾಡಿದೆ. ದೇವರ ಮುಂದೆ ದೀಪ ಸರಿಪಡಿಸುವಷ್ಟು ಮೆಲ್ಲಗೆ. ಸೂಜಿ ತನ್ನ ನಂಬರನ್ನು ತಾನೇ ಹೊಲಿಯಲು ಕೂತಳು. ನಗು ಬಿಕ್ಕಳಿಕೆಗೆ ತಿರುಗಿ, ಬಿಕ್ಕಿದಾಗೆಲ್ಲ ದಾರ ಅಡ್ಡ ಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಗಾಡಿಗೆ ಕಾಯದೆ, ಬಟ್ಟೆಯನ್ನು ಕೂಸಿನ ಹಾಗೆ ಎತ್ತಿಕೊಂಡು ಗುಡ್ಡ ಹತ್ತಿದೆವು. "ಮೇಲೆ ಹೋದ್ಮೇಲೆ ನಮ್ಮನ್ನ ಮರೀತೀಯೇನೇ?" ಎಂದು ಅಜ್ಜಿ ಏದುಸಿರಲ್ಲಿ ಕೇಳಿದರೆ, "ದಿನಾ ಬಟ್ಟೆ ಕೊಳೆ ಮಾಡಿ ಕಳಿಸ್ತೀನಿ ಅಜ್ಜಿ, ನೆನಪಿರ್ಲಿ ಅಂತ" ಅಂದಳು ಸೂಜಿ.

ಹಾಸ್ಟೆಲ್ಲಿನ ವಾರ್ಡನಮ್ಮ ಆ ನಂಬರಿನ ಕೋಣೆಯ ಬಾಗಿಲು ತೆಗೆದಳು. ಮಂಚ, ಮೇಜು, ದೀಪ, ಕಿಟಕಿಯಲ್ಲಿ ಬಟ್ಟೆಯ ಹೂವು. ಸೂಜಿ ಓಡಿಹೋಗಿ ಕಪಾಟಿನ ಪುಸ್ತಕವೊಂದನ್ನು ಎಳೆದಳು. ಬರಲಿಲ್ಲ. ಎಲ್ಲವನ್ನೂ ಒಂದಕ್ಕೊಂದು ಅಂಟಿಸಿದ್ದರು, ಒಳಗೆ ರಟ್ಟು.

"ಮುಟ್ಬೇಡ ಕಣೇ!" ವಾರ್ಡನಮ್ಮ ಗದರಿದಳು. "ಹಾಸಿ ಬೇಗ ಹೊರಡಿ. ದಾನಿಗಳು ಬರೋ ಹೊತ್ತಾಯ್ತು."

"ಇದು ನನ್ನ ಮಗಳ ಕೋಣೆ ಅಲ್ವಾ ತಾಯಿ?" ಭಟ್ಟಿಯಕ್ಕ ಕೇಳಿದಳು.

"ಯಾವ ಮಗಳು? ಇದು ತೋರಿಸೋ ಕೋಣೆ. ನಮ್ಮ ಹುಡುಗೀರು ಎಷ್ಟು ಚೆನ್ನಾಗಿರ್ತಾರೆ ಅಂತ ದೊಡ್ಡವರು ನೋಡ್ಬೇಡ್ವಾ? ಇಲ್ಲಿ ಯಾರೂ ಮಲಗಲ್ಲ."

"ಯಾರೂ?"

"ಮಲಗಿದ್ರೆ ಸುಕ್ಕಾಗಲ್ವೇನೇ?"

ಭಟ್ಟಿಯಕ್ಕ ಗೋಡೆ ಹಿಡಿದಳು. ಸೂಜಿ ಒಂದು ಸಲ ಬಿಕ್ಕಿದಳು. ಅಳುತ್ತಾಳೆ ಅಂದುಕೊಂಡೆವು. ನಗು! ಹೊಟ್ಟೆ ಹಿಡಿದು, ಬಗ್ಗಿ, ಅಂಟಿಸಿದ ಪುಸ್ತಕಗಳನ್ನು ತೋರಿಸಿ ತೋರಿಸಿ ನಕ್ಕಳು. ಅಜ್ಜಿಗೆ ಹತ್ತಿತು, ನನಗೆ ಹತ್ತಿತು, ಕಡೆಗೆ ಭಟ್ಟಿಯಕ್ಕನಿಗೂ. ಹುಚ್ಚುಹೊಳೆ ಕಟ್ಟೆ ಒಡೆದ ಹಾಗೆ. ನಗುತ್ತಲೇ ಸೂಜಿ ನಾವು ಒಗೆದ ಬಟ್ಟೆಯನ್ನು ಝಾಡಿಸಿ ಹಾಸಿದಳು, ಗುಡ್ಡದ ಧೂಳಿನ ಕಾಲಲ್ಲೇ ಮಂಚ ಹತ್ತಿ ಉದ್ದಕ್ಕೆ ಮಲಗಿದಳು.

ಹೊರಗೆ ದಾನಿಗಳಿಗಾಗಿ ಕಾಯುತ್ತಿದ್ದ ಪ್ರವೇಶದ ಸಾಹೇಬ ಗಲಾಟೆ ಕೇಳಿ ಓಡಿಬಂದ. "ಯಾವಳೇ ಇವಳು? ಥೂ, ಕೊಳಕು ಕಾಲು! ಎದ್ದೇಳೇ ಕತ್ತೆ ಮುಂಡೇದೇ!"

ಸೂಜಿ ದಿಂಬನ್ನು ಸರಿಮಾಡಿಕೊಂಡಳು. "ನಾನು ಅರ್ಜಿ ಹಾಕಿದೋಳು ಸಾರ್. ಆಗತ್ತಾ, ಆಗಲ್ವಾ?"

"ಮುಂದೂಡಿದೀವಿ ಅಂತ ಹೇಳಿಲ್ವೇನೇ ನಿನಗೆ?"

"ಹಾಗಾದ್ರೆ ನಾನೂ ಏಳೋದನ್ನ ಮುಂದೂಡಿದೀನಿ ಸಾರ್. ಕಾಯ್ತಾ ಇರಿ."

ಅವನು ಕೈ ಎತ್ತಿದ. "ಮುಟ್ಟು ನೋಡಣ, ಬೋಳಿಮಗನೇ," ಎಂದು ಅಜ್ಜಿ ನೀಲಿ ಕೈಗಳೆರಡನ್ನೂ ಅವನ ಬಿಳಿ ಅಂಗಿಯ ಹತ್ತಿರ ತಂದಳು. ನಾವು ಮಂಚದ ಸುತ್ತ ಕೈ ಹಿಡಿದು ನಿಂತೆವು. ಅಷ್ಟರಲ್ಲಿ ಬೂಟುಗಳ ಸದ್ದು. ಎತ್ತಿದ ಕೈ ಹಾಗೆಯೇ ನಮಸ್ಕಾರವಾಯಿತು.

ದಾನಿಗಳು ಒಳಬಂದರು. ಮುಂದಿದ್ದ ಹಿರಿಯಾಕೆ ಕನ್ನಡಕ ಸರಿಸಿ, "ಓಹ್, ಈ ಸಲ ಹುಡುಗೀನೂ ಇದಾಳೆ! ಯಾರಮ್ಮಾ ನೀನು?" ಎಂದು ಅಕ್ಕರೆಯಿಂದ ಕೇಳಿದರು.

ಸೂಜಿ ಸಾಹೇಬನ ಕಡೆ ಬೆರಳು ತೋರಿಸಿದಳು. "ಅವ್ರನ್ನೇ ಕೇಳಿ ಅಮ್ಮಾ. ಅವ್ರು ಹೇಳಲಿ ಅಂತಾನೇ ಕಾಯ್ತಿದೀನಿ."

ಎಲ್ಲರೂ ಅವನ ಕಡೆ ತಿರುಗಿದರು. "ಇವಳು... ಇವರು... ನಮ್ಮ ವಿದ್ಯಾರ್ಥಿನಿ," ಅಂದ, ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ.

ಭಟ್ಟಿಯಕ್ಕ ಗೋಡೆ ಬಿಟ್ಟು ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಬಾಯಿಯ ಹತ್ತಿರಕ್ಕೆ ಕಿವಿಯಿಟ್ಟು ನಿಂತಳು.

"ಇನ್ನೊಂದ್ ಸಲ ಹೇಳಿ ಸಾಹೇಬ್ರೇ, ಗಟ್ಟಿಯಾಗಿ. ನಿಮ್ಮ ಬಟ್ಟೆ ಒಗೆಯೋ ಮಿಷೀನ್ ಸದ್ದಿಗೆ ಈ ಕಿವಿ ಹೋಗಿ ವರ್ಷಗಳಾದ್ವು."