ಗೂಡಿನ ರೊಟ್ಟಿ

ನನ್ನ ತಮ್ಮ ಕನಕರಾಜ ಸತ್ತು ಒಂದೂವರೆ ವರ್ಷವಾದರೂ ಒಂದು ಕೋಣೆಯಲ್ಲಿ ನಿಂತೇ ಇದ್ದ. ಹೀಗಂದರೆ ನನಗೆ, ಈ ಮಮತಾಗೆ, ತಲೆ ಕೆಟ್ಟಿದೆ ಅನ್ನುತ್ತಾರೆ, ಅನ್ನಲಿ. ನಾನು ಹೊಸದುರ್ಗದ ತಾಲ್ಲೂಕು ಆಫೀಸಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಆಧಾರ್ ಕಾರ್ಡು, ಪಹಣಿ, ಜಾತಿ ಸರ್ಟಿಫಿಕೇಟು. ದೆವ್ವ ಕಾಣುವಷ್ಟು ಪುರುಸೊತ್ತು ನನಗೆ ಯಾವತ್ತೂ ಇರಲಿಲ್ಲ.

ಆ ಕೋಣೆ ಇದ್ದದ್ದು ಅಂಗೈ ಅಗಲದ ಒಂದು ಆಟದ ಯಂತ್ರದೊಳಗೆ. ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಕನಕ ಅದನ್ನು ಸೆಕೆಂಡ್ ಹ್ಯಾಂಡ್ ತಂದಿದ್ದ. ಅದರಲ್ಲಿದ್ದದ್ದು ಒಂದೇ ಆಟ: ಹಾಳು ಕೋಟೆ, ಸುತ್ತ ಸಮಾಧಿಗಳು, ಕಪ್ಪು ಕಂಬಳಿ ಹೊದ್ದಂತೆ ಕಾಣುವ ಒಬ್ಬ ಕತ್ತಿವೀರ. ಮತ್ತೋಡಿನ ಆಚೆಯ ಗುಡ್ಡದಲ್ಲಿ ಕುರಿ ಬಿಟ್ಟು, ಗಾಳಿಯಂತ್ರದ ಕಂಬಕ್ಕೆ ಒರಗಿ, ಇಪ್ಪತ್ತೆರಡು ವರ್ಷದ ಈ ಗಂಡು ಮಧ್ಯಾಹ್ನವೆಲ್ಲ ಅದನ್ನು ಆಡುತ್ತಿದ್ದ. "ಚಿತ್ರದುರ್ಗದ ಕೋಟೆ ಹತ್ತಾಕೆ ಕರೆದ್ರೆ ಕಾಲು ನೋವು ಅಂತೀಯ, ಇದ್ರಾಗೆ ದಿನಾ ಹತ್ತುತೀಯಲ್ಲೋ" ಎಂದು ನಾನು ಛೇಡಿಸುತ್ತಿದ್ದೆ.

ಆಟದ ನಿಯಮವನ್ನೆಲ್ಲ ನನಗೆ ಹೇಳಿಕೊಟ್ಟವನು ಅವನೇ.

"ಅಕ್ಕಾ, ಇದ್ರಾಗೆ ಸಾಯೋದು ದೊಡ್ಡ ವಿಷ್ಯ ಅಲ್ಲ. ಸತ್ರೆ ಮೇಣದ ಬತ್ತಿ ಕೋಣೆಗೆ ವಾಪಸ್ ಬರ್ತೀಯ. ನಿನ್ನ ನೆರಳು ಮಾತ್ರ ಸತ್ತ ಜಾಗದಾಗೇ ನಿಂತಿರ್ತೈತೆ. ನಿನ್ ತಾವ ಇದ್ದದ್ದೆಲ್ಲ ಅದ್ರ ಕೈಯಾಗೆ. ಕತ್ತೀಲಿ ಅದನ್ನ ಹೊಡ್ದ್ರೆ ಎಲ್ಲ ವಾಪಸ್ಸು."

"ಹೊಡಿಯೋಕೆ ಮುಂಚೆ ಇನ್ನೊಂದ್ಸಲ ಸತ್ರೆ?"

"ಹಳೇ ನೆರಳು ಅಳಿಸ್ಕಂಡು ಹೋಗ್ತೈತೆ. ಹೊಸದು ನಿಲ್ತೈತೆ. ಒಂದೇ ನೆರಳಿಗೆ ಜಾಗ ಇರಾದು."

ಇನ್ನೊಂದು ವಿಷಯವೂ ಇತ್ತು. ಆ ನೆರಳು ಸುಮ್ಮನೆ ನಿಲ್ಲುವುದಿಲ್ಲ. ಸಾಯುವ ಮುಂಚಿನ ಒಂದು ನಿಮಿಷ ನಾವು ಏನೇನು ಮಾಡಿದ್ದೆವೋ ಅದನ್ನೇ ಮತ್ತೆ ಮತ್ತೆ ಮಾಡುತ್ತದೆ. ಹಾರಿದ್ದರೆ ಹಾರುತ್ತದೆ, ಎಡವಿದ್ದರೆ ಎಡವುತ್ತದೆ, ಏನಾದರೂ ತಿಂದಿದ್ದರೆ ಕೈಯನ್ನು ಬಾಯಿಗೆ ಒಯ್ಯುತ್ತದೆ. ಕತ್ತಿ ಬೀಸಿದ್ದರೆ, ಹತ್ತಿರ ಹೋದವರ ಮೇಲೂ ಬೀಸುತ್ತದೆ.

ಹೋದ ವರ್ಷ ಮಾರ್ಚಿನಲ್ಲಿ ಒಂದು ದಿನ ಮಧ್ಯಾಹ್ನ ಮನೆಗೆ ಬಂದವನು ಆಟದಲ್ಲಿ ಸತ್ತೆನೆಂದು ಗೊಣಗಿದ. ಎರಡು ತಿಂಗಳು ಕೂಡಿಟ್ಟದ್ದೆಲ್ಲ ಆ ನೆರಳಿನ ಹತ್ತಿರ ಇದೆಯಂತೆ. "ಬಂದು ತಗಂತೀನಿ" ಎಂದು ಯಂತ್ರವನ್ನು ಚೀಲಕ್ಕೆ ಹಾಕಿಕೊಂಡ. ಕುರಿಗಳ ಔಷಧಿಗೆಂದು ಬೈಕಿನಲ್ಲಿ ಹೊಳಲ್ಕೆರೆ ದಾರಿ ಹಿಡಿದವನು ಲಾರಿಗೆ ಸಿಕ್ಕ. ಚೀಲ ಮನೆಗೆ ಬಂತು. ಯಂತ್ರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ಒಡೆದು ಹಾಕುವಷ್ಟು ಸಿಟ್ಟು ಬಂದಿತ್ತು ನನಗೆ.

ಒಡೆಯಲಿಲ್ಲ. ತಿಥಿಯೆಲ್ಲ ಮುಗಿದ ಮೇಲೆ ಒಂದು ದಿನ ಚಾರ್ಜಿಗೆ ಹಾಕಿ ಆನ್ ಮಾಡಿದೆ. ಮೇಣದ ಬತ್ತಿ ಕೋಣೆಯಿಂದ ಒಂದು ಬಾಗಿಲು ದಾಟಿದರೆ ಉದ್ದದ ಪಡಸಾಲೆ. ಹೊಸ್ತಿಲಲ್ಲಿ ನಿಂತು ನೋಡಿದೆ. ಅವನಿದ್ದ.

ಎರಡು ಸಲ ಹಾರಿದ. ಯಾವ ಕೋಣೆಗೆ ಹೋದರೂ ಅವನು ಕಾರಣವಿಲ್ಲದೆ ಎರಡು ಸಲ ಹಾರುತ್ತಿದ್ದ, ಅದು ಅವನ ಚಾಳಿ. ಆಮೇಲೆ ನಾಲ್ಕು ಹೆಜ್ಜೆ ಓಡಿ, ಕತ್ತಿ ಬೀಸಿ, ತಟ್ಟನೆ ನಿಂತ. ಬಹಳ ಹೊತ್ತು ನಿಂತ. ನಿಂತಲ್ಲೇ ಬಿದ್ದ. ಮತ್ತೆ ಎದ್ದು ಎರಡು ಸಲ ಹಾರಿದ. ಆಫ್ ಮಾಡಿ ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತು ಅತ್ತೆ.

ಅವ್ವನಿಗೆ ತೋರಿಸಿದ್ದು ನನ್ನ ತಪ್ಪೋ ಏನೋ. ಅವತ್ತಿನಿಂದ ಸಂಜೆ ದೀಪ ಹಚ್ಚಿದ ಮೇಲೆ ಪಕ್ಕಕ್ಕೆ ಬಂದು ಕೂರುವಳು. "ತೋರ್ಸು." ನಾನು ಹೊಸ್ತಿಲವರೆಗೆ ಹೋಗಿ ನಿಲ್ಲಿಸುತ್ತಿದ್ದೆ. ಹೊಸ್ತಿಲು ದಾಟದಿದ್ದರೆ ನೆರಳಿಗೆ ನಾವು ಕಾಣುವುದಿಲ್ಲ.

"ಅಲ್ಲಿ ಯಾಕೆ ನಿಂತ ಹೇಳು?" ಎಂದು ಅವ್ವನೇ ಕೇಳಿ ಅವ್ವನೇ ಹೇಳಿದಳು. "ಯಾವುದೋ ಕುರಿ ಹೊಲಕ್ಕೆ ಬಿದ್ದಿರ್ತೈತೆ. ತಲೆ ಎತ್ತಿ ಅದನ್ನ ಕೂಗ್ತಾವ್ನೆ."

ಖಂಡಿತ ಹಾಗೇ ಆಗಿತ್ತು. ಕುರಿ ಕೂಗಲು ತಲೆ ಎತ್ತಿದಾಗ ಆಟದಲ್ಲಿ ಯಾವುದೋ ಅಸ್ಥಿಪಂಜರ ಅವನನ್ನು ಹೊಡೆದಿತ್ತು.

ಪಡಸಾಲೆಯ ಗೋಡೆಯ ಗೂಡಿನಲ್ಲಿ ಒಂದು ರೊಟ್ಟಿ ಇತ್ತು. ಪಕ್ಕದಲ್ಲಿ ಹಾದರೆ ಕೈಗೆ ಬರುತ್ತದೆ. ತಿಂದರೆ ಜೀವದ ಕೆಂಪು ಗೆರೆ ಉದ್ದವಾಗುತ್ತದೆ. ಅವ್ವನ ಕಣ್ಣು ಮಗನ ಮೇಲಿಂದ ಆ ರೊಟ್ಟಿಗೆ ಹೋಗುತ್ತಿತ್ತು.

"ಎದುರಿಗೇ ಐತೆ, ತಿನ್ನಂಗಿಲ್ಲ."

"ಅದು ಬರೀ ಚಿತ್ರ ಅವ್ವ."

"ನಂಗೂ ಗೊತ್ತು, ಸುಮ್ನಿರು."

ನಾನು ಆಟವನ್ನು ಒಂದು ದಿನವೂ ಆಡಲಿಲ್ಲ. ಒಂದು ಸಲ ಸತ್ತರೆ ಕನಕ ಅಳಿಸಿಹೋಗುತ್ತಾನೆ. ಅವನನ್ನು ಹೊಡೆದು ಗೆದ್ದರೂ ಹೋಗುತ್ತಾನೆ. ಅವನ ಫೋಟೋ ಮೂರಿದ್ದವು, ಆದರೆ ಅವನು ಹಾರುವುದು, ಓಡುವುದು, ಕುರಿಗೆಂದು ನಿಲ್ಲುವುದು ಈ ಲೋಕದಲ್ಲಿ ಅಲ್ಲಿ ಮಾತ್ರ ಉಳಿದಿತ್ತು. ಬಾಗಿಲಾಚೆಗೆ ಏನಿದೆ ಎಂದು ನೋಡುವ ಆಸೆಯೂ ನನಗೆ ಸತ್ತುಹೋಗಿತ್ತು.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರು ಇಷ್ಟಪಟ್ಟದ್ದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಅವರು ಬಂದು ಉಂಡು ಹೋದ ಮೇಲೆ ಮನೆಯವರ ಊಟ. ಹೋದ ವರ್ಷ ಬಾಗಿಲು ತೆಗೆದಾಗ ಅವ್ವ ಎಲೆಯನ್ನು ದಿಟ್ಟಿಸಿ, "ಬಂದಿಲ್ಲ, ಹಾಕಿದ್ದು ಹಾಕ್ದಂಗೇ ಐತೆ" ಅಂದಳು. ಅವತ್ತೂ ಉಣ್ಣಲಿಲ್ಲ, ಮಾರನೆಯ ದಿನವೂ ಉಣ್ಣಲಿಲ್ಲ. ಆಮೇಲೂ ಅಷ್ಟೇ, ನಾವು ಬೈದರೆ ಎರಡು ತುತ್ತು. ಮೈಮೇಲಿನ ರವಿಕೆ ಜೋತುಬಿತ್ತು. ಅಪ್ಪ ರಂಗಪ್ಪ ಕುರಿ ಹಿಂಡನ್ನು ಆಳಿಗೆ ಒಪ್ಪಿಸಿ ಅವಳನ್ನು ಹಿರಿಯೂರಿನ ಡಾಕ್ಟರ ಹತ್ತಿರ ಕರೆದೊಯ್ದ. ಅವರು ಬರೆದ ಟಾನಿಕ್ಕು ಕಪಾಟಿನಲ್ಲೇ ಉಳಿಯಿತು. ಇವಳೂ ಹೋಗಿಬಿಡುತ್ತಾಳೆ ಎಂಬ ಭಯ ನನಗೆ ಹತ್ತಿತ್ತು.

ಈ ವರ್ಷವೂ ಅಮಾವಾಸ್ಯೆ ಬಂತು. ಮುದ್ದೆ, ಕೋಳಿ ಸಾರು, ಕರ್ಜಿಕಾಯಿ, ಅವನಿಗೆ ಪ್ರಾಣವಾಗಿದ್ದ ಖಾರದ ಕಡ್ಲೆ. ಮಧ್ಯಾಹ್ನ ಎಡೆಯಿಟ್ಟು ಬಾಗಿಲು ಮುಚ್ಚಿದೆವು. ನಾನೂ ಅಪ್ಪನೂ ಜಗಲಿಯಲ್ಲಿ ಕೂತೆವು. ಅವ್ವ ಹಿತ್ತಿಲಿಗೆ ಹೋದಳು ಅಂದುಕೊಂಡೆ.

ಕುರಿದೊಡ್ಡಿಯ ಕಡೆಯಿಂದ ಮೂರು ಸಲ ಗಂಟೆ ಹೊಡೆದ ಸದ್ದು ಕೇಳಿಸಿತು. ಢಣ್, ಢಣ್, ಢಣ್. ಆಟದಲ್ಲಿ ಸತ್ತಾಗ ಹೊಡೆಯುವ ಗಂಟೆ ಅದು. ಬಿದ್ದೆನೋ ಎದ್ದೆನೋ ಎಂದು ಓಡಿದೆ. ಅವ್ವ ದೊಡ್ಡಿಯ ಗೋಡೆಗೆ ಒರಗಿ, ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

"ಏನ್ ಮಾಡ್ದೆ ಅವ್ವ? ಒಳಗೆ ಹೋದ್ಯಾ?"

"ಹೋದೆ."

"ಅಳಿಸ್ಬಿಟ್ಟೆ! ಇದ್ದವನೊಬ್ಬನ್ನೂ ನೀನೇ ಕೊಂದ್ಬಿಟ್ಟೆ!"

ಹೆತ್ತವಳಿಗೆ ಆಡಬಾರದ ಮಾತು. ಆಡಿದೆ. ಹಿಂದೆಯೇ ಬಂದಿದ್ದ ಅಪ್ಪ ತಲೆ ತಗ್ಗಿಸಿದ. ಅವ್ವ ಮಾತ್ರ ಸಿಟ್ಟಾಗಲಿಲ್ಲ.

"ಅವ್ನಿಗೆ ಮನೆ ದಾರಿ ತಿಳಿವಲ್ದು ಕಣೇ. ಅಲ್ಲೇ ನಿಂತವ್ನೆ. ಇಲ್ಲಿ ಎಡೆ ಇಟ್ರೆ ಹೆಂಗ್ ಉಣ್ತಾನೆ? ಅದಕ್ಕೇ ಅಲ್ಲಿಗೇ ಒಯ್ದೆ."

"ಕತ್ತಿ ಗುಂಡಿ ಆದ್ರೂ ಒತ್ತಬೇಕಿತ್ತು."

"ಗೊತ್ತಿತ್ತು. ಮನ್ಯಾಗೆ ಅವ್ನು ಆಡುವಾಗ ಬೆರಳು ನೋಡ್ತಿರ್ಲಿಲ್ವ ನಾನು? ಬೆದರಿದ ಕುರಿ ತಾವ ಯಾರಾದ್ರೂ ಕೋಲು ಎತ್ಕಂಡು ಹೋಗ್ತಾರಾ?"

ನಾನು ಯಂತ್ರ ಕಿತ್ತುಕೊಂಡು ಕತ್ತಿವೀರನನ್ನು ಬಾಗಿಲವರೆಗೆ ನಡೆಸಿದೆ. ಹೊಸ್ತಿಲಲ್ಲಿ ನಿಲ್ಲಿಸಿದೆ. ಕನಕ ಇರಲಿಲ್ಲ. ಗೂಡು ಖಾಲಿ. ಅವನ ಜಾಗದಲ್ಲಿ ಅವ್ವನ ನೆರಳಿತ್ತು.

ಅದು ಗೋಡೆಗೆ ಢಿಕ್ಕಿ ಹೊಡೆಯಿತು, ತಿರುಗಿತು, ಮತ್ತೆ ಢಿಕ್ಕಿ ಹೊಡೆಯಿತು. ಗೂಡಿನ ಹತ್ತಿರ ಹೋಗಿ ರೊಟ್ಟಿ ತೆಗೆದುಕೊಂಡಿತು. ನಿಧಾನ ನಡೆದು ನಡುವೆ ಬಂತು. ಅಲ್ಲಿ ನಿಂತು ಎರಡು ಸಲ ಹಾರಿತು.

"ಅವ್ನು ಹಾರ್ದ, ನಾನೂ ಹಾರ್ದೆ" ಅಂದಳು ಅವ್ವ.

ಆಮೇಲೆ ಅದು ಕೈ ಎತ್ತದೆ ನಿಂತಿತು. ಹೊಡೆತ ತಿಂದು ಬಾಗಿತು, ಹಿಂದೆ ಸರಿಯಲಿಲ್ಲ. ಮತ್ತೆ ತಿಂದು ಬಿತ್ತು. ನನ್ನ ಕಣ್ಣು ತುಂಬಿ ಪರದೆ ಮಂಜಾಯಿತು. ಒರೆಸಿಕೊಂಡು ಮತ್ತೆ ನೋಡಿದೆ. ಒಟ್ಟು ಮೂರು ಸಲ ನೋಡಿದೆ, ಒಂದು ಹೆಜ್ಜೆಯನ್ನೂ ಬಿಡದೆ.

"ಈಗ ನನ್ನ ಹೊಡಿ" ಅಂದಳು ಅವ್ವ.

"ಏನು?"

"ಹೊಡ್ದ್ರೆ ಕೈಯಾಗಿದ್ದದ್ದು ವಾಪಸ್ ಬರ್ತೈತೆ ಅಂತ ನೀನೇ ಅಲ್ವ ಹೇಳಿದ್ದು? ರೊಟ್ಟಿ ಐತೋ ಇಲ್ವೋ ನೋಡಾಣ."

ರೊಟ್ಟಿ ಇದ್ದೇ ಇರುತ್ತದೆ. ಅವ್ವ ತೆಗೆದುಕೊಂಡಿದ್ದಳು, ತಿಂದಿರಲಿಲ್ಲ. ಅವಳ ನೆರಳು ಕೈಯನ್ನು ಒಮ್ಮೆಯೂ ಬಾಯಿಗೆ ಒಯ್ದಿರಲಿಲ್ಲ. ವಾಪಸ್ ಸಿಕ್ಕ ವಸ್ತುಗಳ ಪಟ್ಟಿಯಲ್ಲಿ ರೊಟ್ಟಿ ಕಂಡರೆ ಮಗ ಉಣ್ಣಲಿಲ್ಲ ಎಂದು ಇವಳು ಮತ್ತೆ ಉಪವಾಸ ಬೀಳುತ್ತಾಳೆ. ಅಪ್ಪನ ಮುಖ ನೋಡಿದೆ. "ಹೊಡಿಯಮ್ಮ, ಅವ್ಳು ಕೇಳಾಳಲ್ಲ" ಅಂದ.

ಒಳಗೆ ಹೋದೆ. ಅವ್ವನ ನೆರಳು ನನ್ನ ಮೇಲೆ ಏರಿ ಬರಲಿಲ್ಲ. ಕತ್ತಿ ಬೀಸದವಳ ನೆರಳಿಗೆ ಬೀಸುವುದು ಗೊತ್ತಿರಲಿಲ್ಲ. ಗುಂಡಿ ಒತ್ತಿದೆ. ನೆರಳು ಹೊಗೆಯಾಗಿ ನನ್ನ ಕತ್ತಿವೀರನೊಳಗೆ ಸೇರಿತು. ಪಟ್ಟಿ ತೆರೆಯಿತು.

ಖಾಲಿ ಇತ್ತು.

ಮುಚ್ಚಿ ಮತ್ತೆ ತೆರೆದೆ. ಕತ್ತಿವೀರನ ಚೀಲ ನೋಡಿದೆ, ಗೂಡು ನೋಡಿದೆ, ನೆಲವನ್ನೆಲ್ಲ ತಡಕಾಡಿದೆ. ಜೀವದ ಕೆಂಪು ಗೆರೆಯೂ ಎಷ್ಟಿತ್ತೋ ಅಷ್ಟೇ ಇತ್ತು. ರೊಟ್ಟಿ ಎಲ್ಲೂ ಇರಲಿಲ್ಲ. ಇವತ್ತಿಗೂ ಆ ಲೆಕ್ಕ ನನಗೆ ಹತ್ತಿಲ್ಲ.

"ಐತಾ?" ಎಂದು ಅವ್ವ ಕೇಳಿದಳು.

"ಇಲ್ಲ ಅವ್ವ."

ಅವಳು ಪರದೆಯನ್ನು ನೋಡಲೇ ಇಲ್ಲ. ಗೋಡೆ ಹಿಡಿದು ಎದ್ದಳು, ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಹೋಗಿ ಮನೆಯ ಬಾಗಿಲು ತೆಗೆದಳು. ಒಳಗಿನಿಂದ ಅವಳ ದನಿ ಕೇಳಿಸಿತು.

"ಬರ್ರಿ, ಉಣ್ಣಾಣ. ಅವ್ನು ಉಂಡ."

ಅಪ್ಪ ಕೈಕಾಲು ತೊಳೆದುಕೊಂಡು ಬಂದು ಕೂತ. ನಾನೂ ಕೂತೆ. ಅವ್ವ ತನಗೂ ಒಂದು ಎಲೆ ಹಾಕಿಕೊಂಡು, ಮುದ್ದೆ ಮುರಿದಳು.